ಶುಗರ್‌ನೊಳಗಿನ ಗರಸು

ಒಂದು ತುಂಡು ಕಲ್ಲುಸಕ್ಕರೆಯನ್ನು ಕಟಂ ಅಂತ ಕಡಿದು ನೋಡಿ. ಇಂಗ್ಲಿಷಿನ 'ಶುಗರ್' ಪದದ ಮೂಲ ಅರ್ಥ ನಾಲಿಗೆಗಿಂತ ಮೊದಲು ಹಲ್ಲಿಗೆ ಸಿಗುತ್ತದೆ.

ಸಂಸ್ಕೃತದ 'ಶರ್ಕರಾ' ಎಂದರೆ ಮೊದಲು ಗರಸು, ಹರಳುಕಲ್ಲು. ಸಿಹಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಕಬ್ಬಿನ ಹಾಲನ್ನು ಕಾಯಿಸಿ, ಗಟ್ಟಿ ಪಾಕ ಮಾಡಿ ಆರಲು ಬಿಟ್ಟರೆ ಹರಳು ಕಟ್ಟುತ್ತದೆ. ಹೆಸರು ಇಟ್ಟವರು ರುಚಿ ನೋಡಿ ಇಡಲಿಲ್ಲ, ಬೆರಳಿಗೆ ಸಿಕ್ಕ ತರಿ ನೋಡಿ ಇಟ್ಟರು. ಪ್ರಾಕೃತದಲ್ಲಿ ಅದು 'ಸಕ್ಕರಾ' ಆಯಿತು, ನಮ್ಮ ಬಾಯಲ್ಲಿ 'ಸಕ್ಕರೆ'. ಅದಕ್ಕೆ ನಾವು ಮತ್ತೆ 'ಕಲ್ಲು' ಸೇರಿಸಿದೆವು!

1ನೇ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೋರಿಡಿಸ್ ಇದನ್ನು 'ಸಾಖರೋನ್' ಎಂದು ಕರೆದ. ಉಪ್ಪಿನ ಹಾಗೆ ಹಲ್ಲಿನ ನಡುವೆ ಪುಡಿಯಾಗುತ್ತದೆ ಎಂದು ಬರೆದ. ಎಷ್ಟು ದೂರದಲ್ಲಿ ಕೂತು ಅದೇ ಗರಸನ್ನು ಗಮನಿಸಿದ್ದಾನೆ, ಅಲ್ವಾ?

ಇಂಗ್ಲಿಷಿಗೆ ಹೋದದ್ದು ಬೇರೆ ದಾರಿ. ಪರ್ಷಿಯನ್ನಿನಲ್ಲಿ 'ಶಕರ್', ಅರಬ್ಬಿಯಲ್ಲಿ 'ಸುಕ್ಕರ್'. ಅರಬರು ಕಬ್ಬನ್ನು ಸಿಸಿಲಿಗೂ ಸ್ಪೇನಿಗೂ ಒಯ್ದರು, ಜೊತೆಗೆ ಪದವೂ ಹೋಯಿತು. ಮುಂದೆ ಲ್ಯಾಟಿನ್, ಆಮೇಲೆ ಫ್ರೆಂಚಿನ 'ಸುಕ್ರ್'. 13ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿನಲ್ಲಿ ಕಾಣಿಸಿಕೊಂಡಿತು.

ಇಲ್ಲೊಂದು ಸೊಗಸಾದ ಮೋಸವಿದೆ. 'ಶರ್ಕರಾ'ದಲ್ಲೂ ಶ, 'ಶುಗರ್'ನಲ್ಲೂ ಶ. ಹಳೆಯ ಶಕಾರವೇ ಉಳಿದು ಬಂತು ಅನಿಸುತ್ತದೆ. ಆದರೆ ಅದು ಅರಬ್ಬಿಯಲ್ಲೇ ಸಕಾರವಾಗಿಬಿಟ್ಟಿತ್ತು. ಇಂಗ್ಲಿಷಿನವರು ಒಂದು ಕಾಲಕ್ಕೆ 'ಸ್ಯು' ಎನ್ನುತ್ತಿದ್ದರು. ಬೇಗ ಬೇಗ ಹೇಳಿ ನೋಡಿ, 'ಶು' ಆಗುತ್ತದೆ. 'ಖಂಡಿತ' ಎನ್ನುವ ಅರ್ಥದ ಇಂಗ್ಲಿಷಿನ 'ಶೂರ್' ಪದಕ್ಕೂ ಹೀಗೇ ಆಯಿತು. ಬರೆಯುವಾಗ ಮಾತ್ರ ಎರಡಕ್ಕೂ ಇವತ್ತಿಗೂ ಎಸ್ ಅಕ್ಷರವೇ. ಪದಗಳ ಹುಟ್ಟು ಹುಡುಕುವಾಗ ಸುಮ್ನೆ ಸದ್ದು ಹೋಲುತ್ತದೆ ಅಂತ ನಂಬಬಾರದು, ನಡುವಿನ ಒಂದೊಂದು ಮೆಟ್ಟಿಲನ್ನೂ ನೋಡಬೇಕು.

ನನಗೆ ಜಾಸ್ತಿ ಇಷ್ಟವಾಗುವುದು ಇದರ ಒಡಹುಟ್ಟಿದ ಪದ. ಕೇರಳದ ಕರಾವಳಿಗೆ ಬಂದ ಪೋರ್ಚುಗೀಸರು ಮಲಯಾಳದ 'ಚಕ್ಕರ' ಕೇಳಿದರು. ಅದೂ ಶರ್ಕರಾದ ಮಗುವೇ. ಅವರ ಬಾಯಲ್ಲಿ ಅದು 'ಜಾಗರ' ಆಯಿತು, ಅಲ್ಲಿಂದ ಇಂಗ್ಲಿಷಿನ 'ಜಾಗರಿ', ಅಂದರೆ ಬೆಲ್ಲ. ನಮಗೆ ಸಕ್ಕರೆ ಬೇರೆ, ಬೆಲ್ಲ ಬೇರೆ. ಇಂಗ್ಲಿಷಿನಲ್ಲಿ ಆ ಎರಡರ ಹೆಸರೂ ಒಂದೇ ಗರಸು. ಒಂದು ಅರಬರ ಕೈಹಿಡಿದು ಹೋಯಿತು, ಇನ್ನೊಂದು ಪೋರ್ಚುಗೀಸರ ಹಡಗು ಹತ್ತಿತು.