ಏಳೋ ಒಂಬತ್ತೋ: ಅರಬ್ಬಿ ನಾಣ್ಯಗಳನ್ನು ಓದುವ ಬಗೆ

ಅರಬ್ಬಿಯಲ್ಲಿ ‘ಸಬ್‌ಅ’ ಎಂದರೆ ಏಳು, ‘ತಿಸ್‌ಅ’ ಎಂದರೆ ಒಂಬತ್ತು. ಚುಕ್ಕೆಗಳಿದ್ದರೆ ಗೊಂದಲವಿಲ್ಲ. ಆದರೆ ಹಳೆಯ ನಾಣ್ಯಗಳ ಕೂಫಿ ಲಿಪಿಯಲ್ಲಿ ಚುಕ್ಕೆ ಇಡುತ್ತಿದ್ದುದೇ ಅಪರೂಪ. ‘ಧ’ದ ಹೊಟ್ಟೆ ಸೀಳದಿದ್ದರೆ ಧನ ದನವಾಗುತ್ತದಲ್ಲ, ಹಾಗೆ ಇಲ್ಲಿ ಏಳು ಒಂಬತ್ತಾಗುತ್ತದೆ. ಎರಡು ಪದಕ್ಕೂ ನಾಲ್ಕು ಹಲ್ಲು, ಅಂದರೆ ಮೇಲೆದ್ದ ಗಿಡ್ಡ ಗೀಟು, ಕೊನೆಗೊಂದು ‘ಐನ್’ ಎಂಬ ಅಕ್ಷರ. ಇಸವಿಯನ್ನು ಅಕ್ಷರಗಳಲ್ಲೇ ಬರೆಯುತ್ತಿದ್ದರಿಂದ ಎಪ್ಪತ್ತು, ತೊಂಬತ್ತಕ್ಕೂ ಇದೇ ಪಾಡು. ಭೂತಗನ್ನಡಿ ಹಿಡಿದು ನೋಡಿದರೆ, ಕೆಲವು ಅಚ್ಚುಗಾರರು ಒಂದು ಹಲ್ಲನ್ನು ತುಸು ಎತ್ತರಕ್ಕೆ ಕೊರೆದಿರುವುದು ಕಾಣುತ್ತದೆ. ಅದು ಬಲತುದಿಯಲ್ಲಿದ್ದರೆ ಒಂಬತ್ತು, ‘ಐನ್’ ಪಕ್ಕದಲ್ಲಿದ್ದರೆ ಏಳು. ಆ ಕೂದಲೆಳೆಯ ಎತ್ತರದ ಮೇಲೆ ಇಪ್ಪತ್ತು ವರ್ಷಗಳ ಲೆಕ್ಕ ನಿಂತಿರುತ್ತದೆ.

ಮೊದಮೊದಲು ಅರಬರ ನಾಣ್ಯ ಹೀಗಿರಲಿಲ್ಲ. ಇರಾನ್ ಗೆದ್ದ ಮೇಲೂ ದಶಕಗಟ್ಟಲೆ ಸಾಸಾನಿ ದೊರೆ ಖುಸ್ರೋನ ಮುಖವಿದ್ದ ಅಚ್ಚನ್ನೇ ಬಳಸಿದರು. ಅಂಚಿಗೆ ‘ಬಿಸ್ಮಿಲ್ಲಾ’ ಸೇರಿತು. ಸಿರಿಯಾದಲ್ಲಿ ಬೈಜಾಂಟಿಯನ್ ಮಾದರಿ ನಡೆಯುತ್ತಿತ್ತು. ಉಮಯ್ಯದ್ ಖಲೀಫ ಅಬ್ದುಲ್ ಮಲಿಕ್ ಹಿಜರಿ 77ರಲ್ಲಿ, ಅಂದರೆ ಕ್ರಿ.ಶ. 696–97ರಲ್ಲಿ, ಚಿನ್ನದ ದಿನಾರಿನಿಂದ ಚಿತ್ರಗಳನ್ನು ತೆಗೆಸಿದ. ಬೆಳ್ಳಿ ದಿರ್ಹಮ್‌ ಕೂಡ ಬೇಗನೆ ಅದೇ ದಾರಿ ಹಿಡಿಯಿತು. ಎರಡೂ ಬದಿ ಬರೀ ಅಕ್ಷರ. ದಿರ್ಹಮಿನ ಮೇಲಂತೂ ಟಂಕಸಾಲೆಯ ಊರು, ವರ್ಷ ಎರಡೂ.

ನನಗೆ ಅತ್ಯಂತ ಇಷ್ಟವಾದ ಸಾಕ್ಷ್ಯ ಹಿಜರಿ 132ರದ್ದು. ಅಲ್ಲಿಯವರೆಗೆ ಹಿಂಬದಿಯ ನಡುವೆ ‘ದೇವರು ಒಬ್ಬನೇ, ಅವನು ಯಾರನ್ನೂ ಹೆತ್ತವನಲ್ಲ’ ಎಂಬ ಅರ್ಥದ ಕುರಾನ್ ಸಾಲುಗಳಿದ್ದವು. ಉಮಯ್ಯದರನ್ನು ಉರುಳಿಸಿ ಬಂದ ಅಬ್ಬಾಸಿದರು ಅದನ್ನು ತೆಗೆದು ‘ಮುಹಮ್ಮದ್ ರಸೂಲಲ್ಲಾ’ ಎಂದು ಬರೆಸಿದರು. ಪ್ರವಾದಿಯ ಮನೆತನದವರು ತಾವು ಎಂದು ಸಾರುತ್ತಿದ್ದವರಿಗೆ ಆ ಹೆಸರು ನಾಣ್ಯದ ನಡುವೆಯೇ ಬೇಕಿತ್ತು. ಆಳುವವರು ಬದಲಾದದ್ದು ಹೀಗೆ ಅಂಗೈಯಲ್ಲೇ ಕಾಣುತ್ತದೆ.

ಯುರೋಪಿನಲ್ಲಿ ಈ ಓದಿಗೆ ಗಟ್ಟಿ ತಳಪಾಯ ಹಾಕಿದವರಲ್ಲಿ ಜರ್ಮನ್ ವಿದ್ವಾಂಸ ಫ್ರೇನ್ ಪ್ರಮುಖ. 1807ರಲ್ಲಿ ರಷ್ಯಾದ ಕಜಾನ್‌ಗೆ ಪ್ರಾಧ್ಯಾಪಕನಾಗಿ ಹೋದ ಅವನಿಗೆ ವೋಲ್ಗಾ ಸೀಮೆಯ ಮಣ್ಣಿನಲ್ಲಿ ಸಿಗುತ್ತಿದ್ದ ದಿರ್ಹಮ್‌ಗಳೇ ಪಾಠವಾದವು. 1999ರಲ್ಲಿ ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದ ಒಂದು ಹೊಲದಲ್ಲಿ 14 ಸಾವಿರಕ್ಕೂ ಹೆಚ್ಚು ನಾಣ್ಯಗಳು ಸಿಕ್ಕವು, ಬಹುಪಾಲು ಅರಬ್ಬಿಯವು. ಅವುಗಳಲ್ಲಿ ತೀರಾ ಈಚಿನದು ಕ್ರಿ.ಶ. 870–71ರದ್ದು, ಆ ನಿಧಿ ಅದಕ್ಕಿಂತ ಮೊದಲು ಹೂತದ್ದಲ್ಲ ಎಂದು ಗೊತ್ತಾದದ್ದು ಅಂಚಿನ ಅಕ್ಷರಗಳಿಂದ.

ನಮ್ಮ ಬಹಮನಿ ನಾಣ್ಯಗಳ ಮೇಲೂ ಅರಬ್ಬಿಯೇ. ಆದರೆ ಅಲ್ಲಿ ಕಲಬುರಗಿ ಎಂಬ ಹೆಸರು ಹುಡುಕಬೇಡಿ, ‘ಅಹ್ಸನಾಬಾದ್’ ಹುಡುಕಿ. ಅಹ್ಮದ್ ಷಾ ರಾಜಧಾನಿಯನ್ನು ಬೀದರಿಗೆ ಒಯ್ದ ಮೇಲೆ ‘ಮುಹಮ್ಮದಾಬಾದ್’.