ಅಮೂರ್ತ: ಅರ್ಥವಾಗದ್ದಕ್ಕೆಲ್ಲ ಇಡುವ ಹೆಸರಲ್ಲ

ಫಿಲಿಪ್ಪೀನ್ಸ್‌ನ ಚಿತ್ರಕಲಾವಿದೆ ಪಸೀತಾ ಅಬಾದ್ ಅವರ ಚಿತ್ರವೊಂದನ್ನು ಯಾರೋ ಹಂಚಿಕೊಂಡು, ಕೆಳಗೆ 'ಅದ್ಭುತ ಅಮೂರ್ತ ಕಲೆ' ಅಂತ ಬರೆದಿದ್ದರು. ಚಿತ್ರ ಯಾವುದು ಅಂದರೆ 1992ರ 'ಎಲ್.ಎ. ಲಿಬರ್ಟಿ'. ಕಂದು ಮೈಬಣ್ಣದ ಹೆಂಗಸು ಪಂಜು ಹಿಡಿದು ನಿಂತಿದ್ದಾಳೆ. ಅಮೆರಿಕದ ಲಿಬರ್ಟಿ ಪ್ರತಿಮೆಯನ್ನೇ ವಲಸೆ ಬಂದವಳನ್ನಾಗಿ ಮಾಡಿದ ಚಿತ್ರ ಅದು. ಇದರಲ್ಲಿ ಅಮೂರ್ತ ಎಲ್ಲಿಂದ ಬಂತು? ಬಣ್ಣ ಜಾಸ್ತಿ ಕಂಡರೆ ಸಾಕು, ಸುಮ್ನೆ ಆ ಪದ ಅಂಟಿಸಿಬಿಡುತ್ತಾರೆ.

'ಮೂರ್ತ' ಬಂದದ್ದು ಸಂಸ್ಕೃತದ 'ಮೂರ್ಛ್' ಧಾತುವಿನಿಂದ. ಹೆಪ್ಪುಗಟ್ಟು, ಗಟ್ಟಿಯಾಗು ಅನ್ನುವುದು ಅದರ ಒಂದು ಅರ್ಥ. ಮೂರ್ತಿ ಹುಟ್ಟಿದ್ದು ಅಲ್ಲೇ. ಮೂರ್ಛೆ ಕೂಡ ಅದೇ ಮನೆಯದು! ಹೆಪ್ಪುಗಟ್ಟಿ ಆಕಾರ ಪಡೆದದ್ದು ಮೂರ್ತ. ಹಾಗಾದರೆ ಅಮೂರ್ತಕ್ಕೆ ಆಕಾರವೇ ಇರಬಾರದು ಅಲ್ವಾ? ಎಡವುವುದೇ ಇಲ್ಲಿ. ಚಿತ್ರಕಲೆಯಲ್ಲಿ ಈ ಪದವನ್ನು ನಾವು ಬಳಸುವುದು 'ಅಬ್‌ಸ್ಟ್ರಾಕ್ಟ್'ಗೆ. ಅದರ ಲ್ಯಾಟಿನ್ ಮೂಲಕ್ಕೆ 'ಎಳೆದು ತೆಗೆ' ಅನ್ನುವ ಅರ್ಥ. ಆಕಾರ ಬೇಡ ಅಂತ ಅದು ಎಲ್ಲೂ ಹೇಳುವುದಿಲ್ಲ. ವೃತ್ತ, ಗೆರೆ, ಚೌಕ ಧಾರಾಳವಾಗಿ ಇರಬಹುದು. ಅವು ಮರವನ್ನೋ ಮನುಷ್ಯನನ್ನೋ ತೋರಿಸಬೇಕಾಗಿಲ್ಲ, ಅಷ್ಟೇ. ಇದಕ್ಕೆ 'ನಿರಾಕಾರ ಕಲೆ' ಅಂತ ಬರೆಯುವವರ ವಿಷಯ ಎತ್ತುವುದೇ ಬೇಡ.

ಅಬಾದ್ ನಿಜಕ್ಕೂ ಅಮೂರ್ತ ಚಿತ್ರ ಮಾಡಿದ್ದಾರೆ. ಅವರದು ಟ್ರಪುಂಟೊ ವಿಧಾನ: ಬಣ್ಣ ಹಚ್ಚಿದ ಕ್ಯಾನ್ವಾಸಿನ ಹಿಂದೆ ಬಟ್ಟೆ ಕೊಟ್ಟು, ನಡುವೆ ಮೆತ್ತನೆಯದು ತುಂಬಿ ಹೊಲಿಯುವುದು. ಚಿತ್ರ ಕೌದಿಯ ಹಾಗೆ ಉಬ್ಬಿಕೊಳ್ಳುತ್ತದೆ. ಮೇಲೆ ಗುಂಡಿ, ಕವಡೆ, ಕನ್ನಡಿ ಚೂರು. 1998ರಲ್ಲಿ, ಫಿಲಿಪ್ಪೀನ್ಸ್ ಸ್ವಾತಂತ್ರ್ಯ ಘೋಷಿಸಿಕೊಂಡು ನೂರು ವರ್ಷ ತುಂಬಿದಾಗ, ದೇಶದ ಬೇರೆ ಬೇರೆ ಕಡೆಯ ಬಟ್ಟೆ ಸೇರಿಸಿ ಒಂದು ದೊಡ್ಡ ಚಿತ್ರ ಮಾಡಿದರು. ಅದರ ಹೆಸರಿನಲ್ಲೇ ಉತ್ತರ ತುದಿಯ ಬತಾನೆಸ್‌ನಿಂದ ದಕ್ಷಿಣದ ಹೋಲೊವರೆಗೆ ಅಂತಿದೆ. ಬತಾನೆಸ್ ಅವರು ಹುಟ್ಟಿದ ಊರ ಕಡೆ. ಅನಾನಸ್ ನಾರಿನ ಬಟ್ಟೆ ಅದರಲ್ಲಿದೆ, ಮಿಂದನಾವೊದ ಮಣಿಗಳೂ ಇವೆ. ದೇಶದ ಚಿತ್ರ ಬರೆಯುವ ಬದಲು ದೇಶದ ಬಟ್ಟೆಯನ್ನೇ ತಂದು ಹೊಲಿದರು. ನನಗೆ ಅವರ ಕೆಲಸದಲ್ಲಿ ತುಂಬ ಇಷ್ಟವಾದದ್ದು ಇದೇ.

ಇನ್ನೊಂದು, ಸಿಂಗಪುರದ ಅಲ್ಕಾಫ್ ಸೇತುವೆ. 2004ರಲ್ಲಿ, ಕ್ಯಾನ್ಸರ್‌ನಿಂದ ತೀರಿಕೊಂಡ ವರ್ಷವೇ, ಅವರು ಅದಕ್ಕೆ 55 ಬಣ್ಣ ಹಚ್ಚಿಸಿದರು. ಎರಡು ಸಾವಿರಕ್ಕೂ ಹೆಚ್ಚು ವೃತ್ತಗಳು, ಮಗು ಕೂಡ ಎಣಿಸಬಹುದಾದಷ್ಟು ಸ್ಪಷ್ಟ. ಇದನ್ನು ಅಮೂರ್ತ ಅನ್ನಿ, ಯಾರದೂ ತಕರಾರಿಲ್ಲ. ಮುಖವಾಡ, ಮೀನು ಇರುವ ಅವರ ಚಿತ್ರಗಳಿಗೆ ಮಾತ್ರ ಬೇಡ.