ಮುಸುರೆಯಲ್ಲಿ ರೀಶಿ ಬೆಳೆಯುತ್ತದಾ?

ಮಳೆ ಹಿಡಿದುಕೊಂಡಿದ್ದ ಬೆಳಗ್ಗೆ ಮಡಿಕೇರಿ ಕಡೆಯ ಹೋಂಸ್ಟೇ ಮಾಲೀಕರೊಬ್ಬರು ಮೂರು ಪ್ಲಾಸ್ಟಿಕ್ ಚೀಲ ಹಿಡಿದು ಬಂದರು. "ರೀಶಿ ಅಣಬೆ ಹಾಕಿದ್ದೆ ಸಾರ್, ಬರೀ ಹಸಿರು ಬಂತು." ಒಳಗೆ ತರಬೇಡಿ, ಜಗಲಿಯಲ್ಲೇ ಇಡಿ ಎಂದೆ.

ಅಡುಗೆಮನೆಯ ಮುಸುರೆ ಕೊಳೆಸಿ, ಅದರಲ್ಲೇ ಅಣಬೆ ಬೀಜ ಹಾಕಿದ್ದರು. ಆ ಹಸಿರು ಟ್ರೈಕೋಡರ್ಮಾ ಎಂಬ ಬೂಸ್ಟು. ಕಾಳುಮೆಣಸಿನ ಬುಡಕ್ಕೆ ದುಡ್ಡು ಕೊಟ್ಟು ಹಾಕುತ್ತೇವಲ್ಲ, ಅದೇ ಬಳಗ. ಬಳ್ಳಿಗೆ ನೆಂಟ, ಅಣಬೆ ಚೀಲಕ್ಕೆ ಕಳ್ಳ.

ರೀಶಿ ಮರ ತಿನ್ನುವ ಮದ್ದಿನ ಅಣಬೆ. ಅನ್ನ, ಸಾರಿನಲ್ಲಿ ಮರದ ನಾರು ಎಲ್ಲಿಂದ ಬರಬೇಕು? ಉಪ್ಪು, ಎಣ್ಣೆ ಬೇರೆ. ಅದಕ್ಕೆ ಗಟ್ಟಿ ಮರದ ಪುಡಿ, ಸ್ವಲ್ಪ ತವುಡು, 121 ಡಿಗ್ರಿಯ ಪ್ರೆಶರ್ ಹಬೆ ಬೇಕು. ಅಲ್ಲಿ ಕಾಂಪೋಸ್ಟಿಗೆ ಕೆಲಸವಿಲ್ಲ.

ಕಾಂಪೋಸ್ಟನ್ನೇ ತಿನ್ನುವ ಮದ್ದಿನ ಅಣಬೆಯೂ ಇದೆ. ಬಾದಾಮಿ ವಾಸನೆಯ ಅಗಾರಿಕಸ್, 1960ರ ದಶಕದಲ್ಲಿ ಬ್ರೆಜಿಲ್‌ನಿಂದ ಜಪಾನಿಗೆ ಹೋಗಿ ಹೆಸರು ಮಾಡಿದ್ದು. 25 ಡಿಗ್ರಿ ಸುತ್ತಮುತ್ತಲಿನ ಬೆಚ್ಚಗಿನ ಹವೆ ಬೇಕು. ಹಾಗಾಗಿ ಮಡಿಕೇರಿ ಮಳೆಗಾಲಕ್ಕಿಂತ ಕುಶಾಲನಗರದ ಕಡೆ ಸುಲಭ.

ಇಲ್ಲೂ ಬರೀ ಮುಸುರೆ ನಡೆಯುವುದಿಲ್ಲ. ರಾಶಿಯ ಹೆಚ್ಚು ಪಾಲು ಭತ್ತದ ಹುಲ್ಲಿರಲಿ. ಸಾರಜನಕಕ್ಕೆ ತರಕಾರಿ ಸಿಪ್ಪೆ, ಕಾಫಿ ಚರಟ ಸೇರಿಸಿ, ಜೊತೆಗೆ ಜಿಪ್ಸಂ. ಮಾಂಸ, ಮೂಳೆ ಬೇಡ. ಸೂರಿನಡಿ ರಾಶಿ ಹಾಕಿ ಮೂರ್ನಾಲ್ಕು ದಿನಕ್ಕೊಮ್ಮೆ ಮಗುಚಿ. ಒಳಗೆ 60–70 ಡಿಗ್ರಿ ಕಾವೇರಬೇಕು. ಆಮೇಲೆ 58–60 ಡಿಗ್ರಿಯಲ್ಲಿ 6–8 ಗಂಟೆ ಹಬೆ. ನಂತರ 45–50 ಡಿಗ್ರಿಗೆ ಇಳಿಸಿ ಕೆಲವು ದಿನ ಬಿಡಿ. ಮೂಗಿಗೆ ಅಮೋನಿಯಾ ಹೊಡೆಯುತ್ತಿದ್ದರೆ ಬೀಜ ಹಾಕಲೇಬೇಡಿ, ಸುಮ್ನೆ ದಂಡ. ಒಂದು ಹಿಡಿ ಹಿಂಡಿದರೆ ಒಂದೆರಡು ಹನಿ ಬೀಳಬೇಕು, ಧಾರೆಯಲ್ಲ. ಬೀಜದ ಬಿಳಿ ಎಳೆ ಹಬ್ಬಿದ ಮೇಲೆ ಹಬೆ ತೋರಿಸಿದ ಮಣ್ಣು ಹೊದಿಸಿ.

ನನಗೆ ಜಾಸ್ತಿ ಚಿಂತೆ ಬೇರೆ ಕಡೆ. ಈ ಅಗಾರಿಕಸ್ ಕ್ಯಾಡ್ಮಿಯಂ ಎಂಬ ವಿಷದ ಲೋಹ ಹೀರಿಕೊಳ್ಳುವುದರಲ್ಲಿ ಜಾಣ. ಬ್ಯಾಟರಿ, ಬಣ್ಣ ಬೆರೆತ ಪಟ್ಟಣದ ಕಸದ ಕಾಂಪೋಸ್ಟ್ ಹಾಕಿದರೆ ಅದು ಅಣಬೆಗೆ ಏರುತ್ತದೆ. ಹಸಿ ಅಣಬೆಯಲ್ಲಿ ನೂರಕ್ಕೆ 90ರಷ್ಟು ನೀರೇ ಅಲ್ವಾ? ಒಣಗಿಸಿದರೆ ಉಳಿದದ್ದೆಲ್ಲ ಸುಮಾರು ಹತ್ತು ಪಟ್ಟು ಗಟ್ಟಿಯಾಗುತ್ತದೆ. ಆ ಪುಡಿಯನ್ನೇ ಜನ ಮದ್ದು ಅಂತ ದಿನಾ ತಿನ್ನುತ್ತಾರೆ. ಮಾರುವ ಮೊದಲು ಲ್ಯಾಬಿನಲ್ಲಿ ಲೋಹದ ಪರೀಕ್ಷೆ ಮಾಡಿಸಿ. ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ಚೀಟಿ ಅಂಟಿಸುವುದಂತೂ ಬೇಡ.

"ಈ ಚೀಲ ಏನು ಮಾಡಲಿ?" ಎಂದರು. ಬೀಜ ಇಡುವ ಕೋಣೆಯಿಂದ ದೂರ ಒಯ್ದು, ಕಾದ ರಾಶಿಯ ನಡುವೆ ಹೂಳಿ ಎಂದೆ. ಅವರು ಹೋದ ಮೇಲೆ ಜಗಲಿ ತೊಳೆಸಿದೆ.